ಜಾಫರಸಾಬರ ಹದಿನಾರು ನಾಲು

ಜಾಫರಸಾಬ ನಾಲಬಂದ ಅವರು ನಿಪ್ಪಾಣಿಯ ನಮ್ಮ ಮನೆಗೆ ಬಂದದ್ದು ಒಂದೇ ಸಲ. ಬಂದವರು ಕೂರಲಿಲ್ಲ, ಕೊಟ್ಟ ನೀರು ಕುಡಿಯಲಿಲ್ಲ. ಹೆಗಲ ಮೇಲಿದ್ದ ಟವೆಲ್ಲಿನ ಗಂಟು ಬಿಚ್ಚಿ, ಎತ್ತಿನ ಕಾಲಿಗೆ ಬಡಿಯುವ ಕಬ್ಬಿಣದ ನಾಲುಗಳನ್ನು ಒಂದೊಂದಾಗಿ ನನ್ನೆದುರಿನ ಟೀಪಾಯಿಯ ಮೇಲೆ ಇಟ್ಟರು. ಒಂದೆರಡಕ್ಕೆ ಗೊರಸಿನ ಚೂರು ಇನ್ನೂ ಅಂಟಿಕೊಂಡಿತ್ತು.

“ನೀವ ಹೇಳಿದ್ರಿ, ಕಬ್ಬಿಣ ಕಂಡ್ರ ದೀಪಾ ಹತ್ತತೈತಿ ಅಂತ. ಹದಿನಾರ ಅದಾವ, ಎಣಿಸ್ರಿ. ಇದು ಕಬ್ಬಿಣ ಹೌದೋ ಅಲ್ಲೋ?”

ನನಗೆ ಮೊದಲು ಬಂದದ್ದು ಸಿಟ್ಟು. ಮೂವತ್ತು ಮೈಲಿ ಬಸ್ಸು ಬದಲಿಸಿ ಬಂದ ಅರವತ್ತು ದಾಟಿದ ಮನುಷ್ಯನ ಮೇಲೆ ಯಾಕೆ ಸಿಟ್ಟು ಬಂತೆಂದು ಆಗ ಗೊತ್ತಾಗಲಿಲ್ಲ. ಈಗ ಗೊತ್ತಿದೆ. ಅವರು ಕೇಳಿದ ಪ್ರಶ್ನೆ ಸರಿಯಾಗಿತ್ತು, ಅದಕ್ಕೆ.

ನನ್ನ ಹೆಸರು ಅಮಿತ. ಸಿಗ್ನಲ್ ಕೂರಿಸುವ ಕಂಪನಿಯೊಂದರಲ್ಲಿ ತಂತ್ರಜ್ಞ. ಪಾಲಬಾವಿ ಕಡೆಯ ರಸ್ತೆ ಹೆದ್ದಾರಿಗೆ ಕೂಡುವ ಒಂದು ಫಾಟಾದಲ್ಲಿ ಎರಡು ವರ್ಷದ ಹಿಂದೆ ನಾನೇ ನಿಂತು ಸಿಗ್ನಲ್ ಹಾಕಿಸಿದೆ. ಆ ಫಾಟಾದ ಬೇವಿನ ಮರದ ಕೆಳಗೆ ಒಂದು ತಗಡಿನ ಚಪ್ಪರ, ಚಪ್ಪರದಲ್ಲಿ ಜಾಫರಸಾಬರು. ಮೂವತ್ತೆರಡು ವರ್ಷದಿಂದ ಅವರು ಅಲ್ಲಿ ಎತ್ತುಗಳಿಗೆ ನಾಲು ಬಡಿಯುತ್ತಿದ್ದರು.

ಆ ಕೆಲಸ ನೋಡದವರಿಗೆ ಹೇಳುತ್ತೇನೆ. ಎತ್ತಿನ ಗೊರಸು ಎರಡು ಹೋಳು. ಹೋಳಿಗೊಂದು ನಾಲು. ಕಾಲಿಗೆ ಎರಡು, ಎತ್ತಿಗೆ ಎಂಟು, ಜೋಡಿಗೆ ಹದಿನಾರು. ಕಬ್ಬಿನ ಸೀಜನ್ನಿನಲ್ಲಿ ಡಾಂಬರಿನ ಮೇಲೆ ಟನ್ನುಗಟ್ಟಲೆ ಎಳೆಯುವ ಎತ್ತಿಗೆ ನಾಲು ಇಲ್ಲದಿದ್ದರೆ ಗೊರಸು ಸವೆದು ರಕ್ತ ಬರುತ್ತದೆ. ಜಾಫರಸಾಬರು ಎತ್ತಿಗೆ ಹಗ್ಗ ಹಾಕಿ ಮಲಗಿಸಿ, ಕಾಲು ಕಟ್ಟಿ, ಗೊರಸು ಕೆತ್ತಿ ಮೊಳೆ ಹೊಡೆಯುತ್ತಿದ್ದರು. ಹೊಡೆಯುವಷ್ಟು ಹೊತ್ತೂ ಬೈಗುಳ. ಎತ್ತಿಗಲ್ಲ, ಮಾಲೀಕನಿಗೆ. “ಇದರ ಕಾಲಾಗ ನೀ ನಡದ ನೋಡ ಲೇ, ಗೊತ್ತಾಕ್ಕೈತಿ” ಎಂದು ಶುರುವಾದರೆ ಎಂಟನೆಯ ನಾಲಿನವರೆಗೆ ಮುಗಿಯುತ್ತಿರಲಿಲ್ಲ. ಎದುರು ಮಾತಾಡುವ ಧೈರ್ಯ ಆ ಹತ್ತೂರಿನಲ್ಲಿ ಯಾರಿಗೂ ಇರಲಿಲ್ಲ.

ಬೇರೆ ನಾಲಬಂದರು ಪೇಟೆಯಿಂದ ತಯಾರಿದ್ದ ನಾಲು ತರುತ್ತಾರೆ. ಇವರಿಗೆ ಅದು ಸೇರುತ್ತಿರಲಿಲ್ಲ. ಹಳೆಯ ಮರದ ಗಾಲಿಗಳ ಸುತ್ತ ಬಿಗಿದಿರುವ ಕಬ್ಬಿಣದ ಹಳಿ ತಂದು, ಕಡಿದು, ಕಾಯಿಸಿ, ಬಡಿದು ತಾವೇ ಮಾಡುತ್ತಿದ್ದರು. ಈಗ ಗಾಡಿಗಳಿಗೆಲ್ಲ ರಬ್ಬರಿನ ಟಾಯರು ಬಂದಿವೆ. ಹಿತ್ತಿಲಲ್ಲಿ ಬಿದ್ದ ಮರದ ಗಾಲಿಯನ್ನು ಗೆದ್ದಲು ತಿಂದು ಮುಗಿಸಿದರೂ ಹಳಿ ಮಾತ್ರ ಎದೆಯೆತ್ತರದ ದೊಡ್ಡ ಬಳೆಯಾಗಿ ಉಳಿದಿರುತ್ತದೆ. “ಅಜ್ಜನ ಕಾಲದಿಂದ ರಸ್ತಾ ತುಳದ ಕಬ್ಬಿಣಾರಿ ಇದು, ಮೋಸಾ ಮಾಡೂದಿಲ್ಲ” ಎನ್ನುತ್ತಿದ್ದರು.

ಹೆದ್ದಾರಿ ಅಗಲವಾದ ಮೇಲೆ ಆ ಫಾಟಾ ದಾಟುವುದು ಕಷ್ಟವಾಯಿತು. ಕಬ್ಬು ತುಂಬಿದ ಎತ್ತಿನ ಗಾಡಿ ದಾಟಲು ಅರ್ಧ ನಿಮಿಷ ಬೇಕು. ಅಷ್ಟರೊಳಗೆ ಟ್ರಕ್ಕು ಬಂದೇ ಬರುತ್ತದೆ. ಅದಕ್ಕೆ ಗಾಡಿಯವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಗಂಡ ಎತ್ತು ಹೊಡೆಯುವುದು, ಕಬ್ಬಿನ ಮೇಲೆ ಕೂತ ಹೆಂಡತಿ ಇಳಿದು ಹೆದ್ದಾರಿಯ ನಡುವೆ ನಿಂತು ಕೆಂಪು ಬಟ್ಟೆ ಬೀಸುವುದು. ಇದರಲ್ಲಿ ಎಲ್ಲರಿಗಿಂತ ಗಟ್ಟಿಗಿತ್ತಿ ಜಕ್ಕಪ್ಪನ ಹೆಂಡತಿ ಗಂಗಾ. ಮರಾಠಿಯಲ್ಲೂ ಕನ್ನಡದಲ್ಲೂ ಏಕಕಾಲಕ್ಕೆ ಬೈದು ಟ್ರಕ್ಕು ನಿಲ್ಲಿಸುತ್ತಿದ್ದಳಂತೆ. “ಗಂಗಾ ನಿಂತ್ರ ರೈಲ ಸೈತ ನಿಂದರತೈತಿ” ಎಂದು ಜಾಫರಸಾಬರು ಛೇಡಿಸುತ್ತಿದ್ದರು. ಗಂಗಾ ಅವರನ್ನು ಕಾಕಾ ಎಂದು ಕರೆಯುತ್ತಿದ್ದಳು. ಅವರ ಹೆಂಡತಿ ನೂರಜಾನಬಿ ಚಪ್ಪರಕ್ಕೆ ಚಹಾ ತಂದಾಗ ಗಂಗಾಗೂ ಒಂದು ಕಪ್ಪು ಇರುತ್ತಿತ್ತು.

ಇದೆಲ್ಲ ಇರುವಾಗಲೇ ಸಿಗ್ನಲ್ ಬಂತು. ಅದು ಗಡಿಯಾರ ನೋಡಿ ಬದಲಾಗುವ ಸಿಗ್ನಲ್ ಅಲ್ಲ. ಹೆದ್ದಾರಿಗೆ ಸದಾ ಹಸಿರು. ಪಾಲಬಾವಿ ಕಡೆಯ ರಸ್ತೆಯಲ್ಲಿ ವಾಹನ ಬಂದು ಬಿಳಿ ಗೆರೆಯ ಹತ್ತಿರ ನಿಂತರೆ ಮಾತ್ರ ಈ ಕಡೆಗೆ ಹಸಿರು. ಯಾರಾದರೂ ನಿಂತಿದ್ದಾರೋ ಇಲ್ಲವೋ ಎಂದು ಅದಕ್ಕೆ ತಿಳಿಯುವುದು ನೆಲದಿಂದ. ಗೆರೆಯ ಹಿಂದೆ ಡಾಂಬರು ಕೊಯ್ದು, ಮಂಚದಗಲದ ಚೌಕದಲ್ಲಿ ತಂತಿಯನ್ನು ನಾಲ್ಕು ಸುತ್ತು ಹೂಳಿ ಮೇಲೆ ಡಾಂಬರು ಬಳಿಯುತ್ತೇವೆ. ತಂತಿಯಲ್ಲಿ ಸಣ್ಣ ವಿದ್ಯುತ್ತು ಹರಿಯುತ್ತಿರುತ್ತದೆ. ಮೇಲೆ ಕಾರು ಬಂದು ನಿಂತರೆ ಅದರ ತಳದ ಲೋಹದಿಂದ ಆ ಹರಿವು ಒಂದಿಷ್ಟು ಬದಲಾಗುತ್ತದೆ. ಬದಿಯ ಪೆಟ್ಟಿಗೆ ಅದನ್ನು ಹಿಡಿದು, ವಾಹನ ಬಂದಿದೆ ಎಂದು ತಿಳಿಯುತ್ತದೆ. ಭಾರಕ್ಕೂ ಅದಕ್ಕೂ ಸಂಬಂಧವಿಲ್ಲ. ನೂರು ಜನ ಮೇಲೆ ನಿಂತು ಕುಣಿದರೂ ಅದರ ಲೆಕ್ಕದಲ್ಲಿ ರಸ್ತೆ ಖಾಲಿ.

ಕೆಲಸ ಮುಗಿದ ದಿನ ನಾನು ಪರೀಕ್ಷೆ ಮಾಡಿದೆ. ಅದಕ್ಕೆಂದು ನಮ್ಮ ಚೀಲದಲ್ಲಿ ದಪ್ಪ ತಾಮ್ರದ ತಂತಿಯ ಒಂದು ದೊಡ್ಡ ಬಳೆ ಇರುತ್ತದೆ. ಹೂಳಿದ ಚೌಕದ ಮೇಲೆ ಬಳೆ ಇಟ್ಟೆ, ಹಸಿರು ಬಿತ್ತು. ಬಳೆಯನ್ನು ಚೀಲಕ್ಕೆ ತುರುಕಿದೆ. ಚಿಕ್ಕೋಡಿ ಬಸ್ಸಿಗೆ ಹೊತ್ತಾಗಿತ್ತು. ಆಗ ಜಾಫರಸಾಬರು ಚಹಾ ಹಿಡಿದು ಬಂದರು.

“ಸಾಹೇಬ್ರ, ಎತ್ತಿನ ಗಾಡಿ ಬಂದ್ರ ಇದಕ್ಕ ಹೆಂಗ ತಿಳೀತೈತ್ರಿ?”

ನಾನು ಚಹಾ ಕುಡಿಯುತ್ತ ಬಸ್ಸಿನ ದಾರಿ ನೋಡುತ್ತಿದ್ದೆ. “ಕೆಳಗೆ ತಂತಿ ಐತ್ರಿ, ಕಬ್ಬಿಣ ಕಂಡ್ರ ದೀಪ ಹತ್ತತೈತಿ” ಎಂದೆ. ಅಷ್ಟೇ ಹೇಳಿದೆ. ಬಸ್ಸು ಬಂತು, ಹತ್ತಿದೆ.

ಕಬ್ಬಿಣವೆಂದರೆ ಆ ಫಾಟಾದಲ್ಲಿ ಅವರಿಗಿಂತ ಬಲ್ಲವರಿಲ್ಲ. ಮೊದಲ ವಾರ ಗಾಡಿಗಳು ನಿಂತರೂ ದೀಪ ಹತ್ತಲಿಲ್ಲ. ಎಲ್ಲರೂ ನನ್ನ ಕಂಪನಿಗೆ ಶಾಪ ಹಾಕಿದರು. ಜಾಫರಸಾಬರು ಮಾತ್ರ ರಸ್ತೆಯ ಮೇಲೆ ಕೂತು ವಿಚಾರ ಮಾಡಿದರು. ಗಾಡಿ ಗೆರೆಗೆ ಬಂದು ನಿಂತಾಗ ತಂತಿಯ ಮೇಲೆ ಇರುವುದು ಎತ್ತುಗಳು. ಎತ್ತಿಗಿರುವ ಕಬ್ಬಿಣವೆಂದರೆ ನಾಲು. ಸವೆದ ನಾಲು ತೆಳ್ಳಗಿರುತ್ತದೆ, ಅದು ಕಾಣುವುದಿಲ್ಲ. ದಪ್ಪ ನಾಲು ಬಡಿದರೆ ಕಂಡೇ ಕಾಣುತ್ತದೆ. ಬೇರೆ ಯಾರಿಗೂ ಹೊಳೆಯದ, ನಾಲಬಂದನಿಗೆ ಮಾತ್ರ ಹೊಳೆಯುವ ಲೆಕ್ಕ ಅದು.

ಗಂಗಾಗೆ ಹೇಳಿದರು. ಅವಳು ಮರುದಿನವೇ ತನ್ನ ಮಾವನ ಕಾಲದ ಗಾಡಿಯ ಎರಡೂ ಗಾಲಿಗಳ ಹಳಿ ತಂದುಕೊಟ್ಟಳು. ಒಂದನ್ನು ಕಡಿದು ಜಾಫರಸಾಬರು ಹದಿನಾರು ನಾಲು ಮಾಡಿದರು, ಯಾವತ್ತೂ ಮಾಡದಷ್ಟು ದಪ್ಪ. ಜಕ್ಕಪ್ಪನ ಜೋಡಿಗೆ ಬಡಿದರು. ಮರುದಿನ ಬೆಳಿಗ್ಗೆ ಗಾಡಿ ಗೆರೆಗೆ ಬಂದು ನಿಂತ ಹತ್ತೇ ಸೆಕೆಂಡಿಗೆ ಹಸಿರು ಬಿತ್ತು. ಜಾಫರಸಾಬರು ಕುಣಿದಾಡಿಬಿಟ್ಟರಂತೆ. ಎತ್ತುಗಳ ಮಗ್ಗುಲಿಗೇ, ತಂತಿಯ ಚೌಕವನ್ನು ಅರ್ಧ ತುಳಿದು ನಿಂತಿದ್ದ ಹಾಲಿನ ಟೆಂಪೋ ಕಡೆಗೆ ಯಾರೂ ನೋಡಲಿಲ್ಲ.

ಆ ಟೆಂಪೋ ಅವತ್ತಿನಿಂದ ದಿನಾ ಅದೇ ಹೊತ್ತಿಗೆ ಬರತೊಡಗಿತು. ಹೀಗಾಗಿ ಹತ್ತೊಂಬತ್ತು ದಿನ ದೀಪ ಹತ್ತಿತು.

“ಇನ್ನ ಇಳೀಬ್ಯಾಡವ್ವಾ” ಎಂದರು ಜಾಫರಸಾಬರು ಗಂಗಾಗೆ. “ನೀ ಮ್ಯಾಲ ರಾಣಿ ಹಂಗ ಕುಂತಿರು. ನನ್ನ ನಾಲ ದೀಪಾ ಹಚ್ಚತಾವ.” ಅವಳು ಕೆಂಪು ಬಟ್ಟೆಯನ್ನು ಎತ್ತಿನ ಕೊಂಬಿಗೆ ಕಟ್ಟಿಬಿಟ್ಟಳು.

ಇಪ್ಪತ್ತನೆಯ ದಿನ ಟೆಂಪೋ ಬರಲಿಲ್ಲ. ಅದರ ಕ್ಲಚ್ ಕೆಟ್ಟಿತ್ತು. ಆರೂವರೆಗೆ ಜಕ್ಕಪ್ಪ ಗೆರೆಗೆ ಬಂದು ನಿಂತ. ಐದು ನಿಮಿಷ, ಹತ್ತು ನಿಮಿಷ. ಎರಡು ಬೈಕುಗಳು ಬಂದವು, ನಿಲ್ಲದೆ ರಸ್ತೆಯ ಅಂಚಿನ ಮಣ್ಣಿನಿಂದ ನುಸುಳಿ ಹೋದವು. ಕೆಂಪು ಕೆಂಪಾಗಿಯೇ ಇತ್ತು. ಜಾಫರಸಾಬರು ಚಪ್ಪರದಲ್ಲಿ ಚಹಾ ಕುಡಿಯುತ್ತ ನೋಡುತ್ತಿದ್ದರು.

“ಕಾಕಾ, ಇಳೀಲೇನ್ರಿ?” ಎಂದು ಗಂಗಾ ಮೇಲಿನಿಂದ ಕೂಗಿದಳು.

“ಬ್ಯಾಡವ್ವಾ, ತಡಿ. ಈಗ ಹತ್ತತೈತಿ.”

ಇನ್ನೊಂದು ಸಲ ಕೇಳಿದಳು. ಇನ್ನೊಂದು ಸಲ ಅದನ್ನೇ ಹೇಳಿದರು. ಇಪ್ಪತ್ತೆರಡು ನಿಮಿಷವಾಯಿತು. ನೊಗದ ಭಾರಕ್ಕೆ ಬಲಗಡೆಯ ಎತ್ತು ಮುಗ್ಗರಿಸತೊಡಗಿತು. ಜಕ್ಕಪ್ಪ ಎಡಕ್ಕೂ ಬಲಕ್ಕೂ ನೋಡಿ ರಸ್ತೆ ಖಾಲಿಯೆಂದು ಹೊಡೆದ. ತಿರುವಿನಿಂದ ಬಂದ ಟ್ರಕ್ಕಿಗೆ ಹಸಿರಿತ್ತು. ಅದು ಗಾಡಿಯ ಹಿಂಭಾಗಕ್ಕೆ ಬಡಿಯಿತು. ಎತ್ತುಗಳಿಗೆ ಏನೂ ಆಗಲಿಲ್ಲ, ಜಕ್ಕಪ್ಪನಿಗೆ ಕೈ ಮುರಿಯಿತು. ಕಬ್ಬಿನ ಜೊತೆ ಕೆಳಗೆ ಬಿದ್ದ ಗಂಗಾ ಮತ್ತೆ ಏಳಲಿಲ್ಲ.

ಪೆಟ್ಟಿಗೆಯಲ್ಲಿ ಪ್ರತಿ ವಾಹನದ ದಾಖಲೆ ಇರುತ್ತದೆ. ಪೊಲೀಸರು ಕೇಳಿದರು, ನಾನು ತೆಗೆದುಕೊಟ್ಟೆ. ಆರು ಗಂಟೆ ಐವತ್ತೆರಡು ನಿಮಿಷ ಹದಿನಾಲ್ಕನೆಯ ಸೆಕೆಂಡಿಗೆ ವಾಹನ ಬಂತು, ಹದಿನೇಳನೆಯ ಸೆಕೆಂಡಿಗೆ ಹೋಯಿತು, ದೀಪ ಕೆಂಪು. ಅದಕ್ಕೆ ಮೊದಲು ಯಾರೂ ಇಲ್ಲ. ಅಂದರೆ ಜಕ್ಕಪ್ಪ ನಿಲ್ಲಲೇ ಇಲ್ಲ, ಕೆಂಪು ದೀಪಕ್ಕೆ ಸೀದಾ ನುಗ್ಗಿದ. ಕಾಗದ ಹಾಗೆ ಹೇಳುತ್ತಿತ್ತು, ಕೆಳಗೆ ನನ್ನ ಸಹಿ ಇತ್ತು. ನಾನು ಒಂದು ಕ್ಷಣವೂ ವಿಚಾರ ಮಾಡಲಿಲ್ಲ. ನನಗೆ ಊಟದ ಹೊತ್ತಾಗಿತ್ತು.

ಆ ಕಾಗದ ಊರೆಲ್ಲ ತಿರುಗಿತು. ಹೆಂಡತಿಯನ್ನು ಅವಸರಕ್ಕೆ ಕೊಂದವನು ಎಂಬ ಹೆಸರು ಜಕ್ಕಪ್ಪನಿಗೆ ಅಂಟಿತು. ಅವನ ಒಬ್ಬಳೇ ಮಗಳು ಸಪನಾಳನ್ನು ಕೊಕಟನೂರಿಗೆ ಕೊಟ್ಟಿದ್ದರು. ಅವಳು ಕಾಗದದ ನಕಲು ತರಿಸಿಕೊಂಡು ಓದಿ, ಹೊಸ್ತಿಲಿಗೆ ಬಂದ ಅಪ್ಪನ ಮುಖಕ್ಕೆ ಬಾಗಿಲು ಹಾಕಿದಳು. ಜಾಫರಸಾಬರು ಠಾಣೆಗೆ ಹೋಗಿ, ತಾವು ಕಣ್ಣಾರೆ ನೋಡಿದ್ದೇವೆ, ಜಕ್ಕಪ್ಪ ಇಪ್ಪತ್ತೆರಡು ನಿಮಿಷ ನಿಂತಿದ್ದ ಎಂದು ಹೇಳಿದರು. ಯಂತ್ರದ ಕಾಗದದ ಮುಂದೆ ಎತ್ತಿಗೆ ಮೊಳೆ ಹೊಡೆಯುವವನ ಮಾತನ್ನು ಯಾರು ಕೇಳುತ್ತಾರೆ? ಕಡೆಗೆ ಜಕ್ಕಪ್ಪನೇ ಅವರನ್ನು ಕೇಳಿದನಂತೆ: “ಕಾಕಾ, ನಾ ಖರೇನ ನಿಂತಿದ್ನೇನ್ರಿ? ಯಂತ್ರಾ ಸುಳ್ಳ ಹೇಳತೈತೇನ್ರಿ?”

ಆ ಮಾತು ಕೇಳಿದ ದಿನ ಜಾಫರಸಾಬರು ಜಕ್ಕಪ್ಪನ ಎತ್ತುಗಳನ್ನು ಮಲಗಿಸಿ ಹದಿನಾರೂ ನಾಲು ಕಿತ್ತರು. ಮರುದಿನ ನಿಪ್ಪಾಣಿಗೆ ಬಂದರು.

ನನ್ನ ಸಿಟ್ಟು ಇಳಿದ ಮೇಲೆ ಹೇಳಿದೆ, ಇಷ್ಟು ಸಣ್ಣ ಚೂರು ತಂತಿಗೆ ಗೊತ್ತಾಗುವುದಿಲ್ಲ ಎಂದು. ಅವರು ಗೋಡೆಗೆ ಆತು ನಿಂತರು. “ಹಂಗಾರ ನಾನ ಕೊಂದ್ನಿರಿ. ಎರಡ ಸಲ ಕೇಳಿದ್ಳು, ಇಳೀಲೇನು ಅಂತ.” ಅವರು ಅಳುತ್ತಿದ್ದರು. ಟವೆಲ್ಲಿನಿಂದ ಮುಖ ಮುಚ್ಚಿಕೊಳ್ಳಲೂ ಇಲ್ಲ. “ನನ್ನ ಪಾಪ ನನಗಿರಲಿ. ಆದ್ರ ಅಂವಾ ನಿಂತಿದ್ದಾ. ಅದನ್ನ ಆ ಹುಡಿಗಿ ನಂಬಬೇಕ್ರಿ. ಅಂವಾ ಹಿಂಗ ಇದ್ರ ಸಾಯ್ತಾನ.”

ಆಗ ನಾನು ಮೊದಲ ಸಲ ಆ ಮೂರು ಸೆಕೆಂಡಿನ ಬಗ್ಗೆ ವಿಚಾರ ಮಾಡಿದೆ. ಎತ್ತು ತಂತಿಯ ಮೇಲೆ ನಿಂತಾಗ ಗಾಡಿಯ ಕಬ್ಬಿಣದ ಅಚ್ಚು, ಗಾಲಿಯ ಡಿಸ್ಕು ಹತ್ತು ಅಡಿ ಹಿಂದೆ ಇರುತ್ತವೆ. ಗಾಡಿ ಹೊರಟ ಮೇಲೆಯೇ ಅವು ತಂತಿಯ ಮೇಲೆ ಹಾಯುವುದು. ಯಂತ್ರ ನೋಡಿದ್ದು ಅದನ್ನು. ಇಪ್ಪತ್ತೆರಡು ನಿಮಿಷ ನಿಂತ ಮನುಷ್ಯ ಅದಕ್ಕೆ ಕಂಡದ್ದು ಹೊರಟಾಗ ಮಾತ್ರ. ಈ ಮಾತು ನನಗೆ ಠಾಣೆಯಲ್ಲೇ ಹೊಳೆಯಬೇಕಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಪೆಟ್ಟಿಗೆಯ ಕೀಲಿ ಹಿಡಿದು ಫಾಟಾಕ್ಕೆ ಹೋದೆ. ಕಂಪನಿಯನ್ನು ಕೇಳಲಿಲ್ಲ. ಜಕ್ಕಪ್ಪ ಕೈಗೆ ಪಟ್ಟಿ ಕಟ್ಟಿಕೊಂಡು ಅದೇ ಗಾಡಿ, ಅಷ್ಟೇ ಕಬ್ಬು ತಂದಿದ್ದ. ಜಾಫರಸಾಬರು ಹದಿನಾರೂ ದಪ್ಪ ನಾಲುಗಳನ್ನು ಹಿಂದಿನ ದಿನವೇ ಮತ್ತೆ ಬಡಿದಿದ್ದರು. ಬಡಿಯುವಾಗ ಒಂದು ಬೈಗುಳವೂ ಬರಲಿಲ್ಲ ಎಂದು ನೂರಜಾನಬಿ ಹೇಳಿದರು. ಕೊಕಟನೂರಿನಿಂದ ಸಪನಾಳನ್ನು ಕರೆತಂದದ್ದೂ ಅವರೇ. ಸಪನಾ ಅಪ್ಪನ ಕಡೆ ನೋಡದೆ ಪೆಟ್ಟಿಗೆಯ ಪಕ್ಕ ನಿಂತಳು.

ಪೆಟ್ಟಿಗೆಯೊಳಗೆ ಒಂದು ಸಣ್ಣ ಹಳದಿ ದೀಪವಿದೆ. ತಂತಿಗೆ ವಾಹನ ಗೊತ್ತಾದರೆ ಅದು ಹೊತ್ತುತ್ತದೆ. ಅದನ್ನು ಸಪನಾಗೆ ತೋರಿಸಿದೆ. ಪಾಲಬಾವಿ ಕಡೆಯಿಂದ ಬಂದ ಒಂದು ಕಾರು ಗೆರೆಯಲ್ಲಿ ನಿಂತು ದಾಟಿದಾಗ ಹೊತ್ತಿದ್ದನ್ನೂ ತೋರಿಸಿದೆ. ಆಮೇಲೆ ಜಕ್ಕಪ್ಪ ಗಾಡಿ ತಂದು ನಿಲ್ಲಿಸಿದ.

ಹಳದಿ ದೀಪ ಹೊತ್ತಲಿಲ್ಲ. ಐದು ನಿಮಿಷ. ಹತ್ತು. ಜಾಫರಸಾಬರು ಎತ್ತಿನ ಕಾಲ ಬಳಿ ಕೂತು ಗೊರಸುಗಳನ್ನೇ ನೋಡುತ್ತಿದ್ದರು. ಹದಿನೈದು ನಿಮಿಷಕ್ಕೆ ಸಪನಾ ಒಮ್ಮೆ ಅಪ್ಪನ ಕಡೆ ನೋಡಿದಳು. ಇಪ್ಪತ್ತೆರಡು ನಿಮಿಷ ಮುಗಿಯುವವರೆಗೂ ಕಾದೆವು. ನಾನು ಕೆಲಸಕ್ಕೆ ಸೇರಿದ ಮೇಲೆ ಅಷ್ಟು ದೀರ್ಘವಾಗಿ ಒಂದು ಸಿಗ್ನಲ್ಲಿನ ಮುಂದೆ ನಿಂತದ್ದು ಅದೇ ಮೊದಲು.

ಆಮೇಲೆ ನಾನು ಹೆದ್ದಾರಿಗೆ ಇಳಿದು ಎರಡೂ ಕಡೆ ವಾಹನ ನಿಲ್ಲಿಸಿ ಜಕ್ಕಪ್ಪನಿಗೆ ಕೈ ಮಾಡಿದೆ. ಗಾಡಿ ಹೊರಟಿತು. ಅಚ್ಚು ತಂತಿಯ ಮೇಲೆ ಹಾಯುವಾಗ ಹಳದಿ ದೀಪ ಹೊತ್ತಿ ಆರಿತು. ಬಂದು ದಾಖಲೆ ತೆಗೆದು ಸಪನಾಳ ಕೈಗೆ ಕೊಟ್ಟೆ. ವಾಹನ ಬಂತು, ಮೂರು ಸೆಕೆಂಡಿಗೆ ಹೋಯಿತು, ದೀಪ ಕೆಂಪು. ಅವಳು ಸೊಂಟದಿಂದ ಹಳೆಯ ಕಾಗದ ತೆಗೆದು ಎರಡನ್ನೂ ಅಕ್ಕಪಕ್ಕ ಹಿಡಿದಳು. ತಾರೀಖು, ಗಂಟೆ ಬಿಟ್ಟರೆ ಎರಡೂ ಒಂದೇ.

“ಅಪ್ಪಾ” ಎಂದಳು. ಜಕ್ಕಪ್ಪ ದಾಟಿದ ಕಡೆಯೇ ಗಾಡಿ ನಿಲ್ಲಿಸಿ ನಡೆದು ಬರುತ್ತಿದ್ದ. ಅವಳು ಓಡಿಹೋಗಿ ಅವನ ಮುರಿದ ಕೈಯನ್ನು ಎದೆಗೊತ್ತಿಕೊಂಡು ಅತ್ತಳು. ಅವನು ರಸ್ತೆಯ ಬದಿಗೇ ಕೂತ. “ನಿಂತಿದ್ನೆವ್ವಾ, ನಾ ನಿಂತಿದ್ನಿ” ಎಂದು ಅದನ್ನೇ ಹೇಳುತ್ತಿದ್ದ. ಇಷ್ಟಾದರೂ ಆಯಿತಲ್ಲ ಎಂದುಕೊಂಡೆ. ಇಲ್ಲಿಗೆ ಮುಗಿಯಿತು ಎಂದೂ ಅಂದುಕೊಂಡೆ.

ಸಪನಾ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದಳು. “ಸರ್, ಕಾರ ಕಾಣತೈತಿ, ಗಾಡಿ ಕಾಣೂದಿಲ್ಲ. ಗಾಡಿ ಕಾಣಬೇಕಂದ್ರ ಏನ ಮಾಡಬೇಕಾಗಿತ್ರಿ?”

ಸುಳ್ಳು ಹೇಳಬಹುದಿತ್ತು. ಕಣ್ಣು ಕೆಳಗೆ ಹಾಕಿ ಹೇಳಿದೆ. ತಂತಿಗೆ ಬೇಕಾದದ್ದು ಕಬ್ಬಿಣದ ದಪ್ಪವಲ್ಲ, ಅಗಲ. ಕಾರಿನ ತಳದಂಥ ತಗಡು ಬೇಕು. ಇಲ್ಲವೇ ಎಲ್ಲೂ ತುಂಡಾಗದ ಒಂದು ದೊಡ್ಡ ಉಂಗುರ ಸಾಕು, ಅದರೊಳಗೆ ವಿದ್ಯುತ್ತು ಸುತ್ತು ಹಾಕುತ್ತದೆ, ಸುತ್ತು ಹಾಕಿದರೆ ತಂತಿಗೆ ಗೊತ್ತಾಗುತ್ತದೆ. ತುಂಡು ತುಂಡಾದರೆ ಗೊತ್ತಾಗುವುದಿಲ್ಲ. ಗಾಡಿಯ ನೊಗದ ಕೆಳಗೆ ಅಂಥ ಒಂದು ಉಂಗುರವನ್ನು ಮಲಗಿಸಿ ಕಟ್ಟಿದ್ದರೆ ಸಾಕಾಗುತ್ತಿತ್ತು.

ಜಾಫರಸಾಬರು ಎದ್ದು ನಿಂತರು. ಚಪ್ಪರದೊಳಗೆ ಹೋದರು. ಬರುವಾಗ ಗಂಗಾ ತಂದುಕೊಟ್ಟಿದ್ದ ಎರಡನೆಯ ಹಳಿಯನ್ನು ಉರುಳಿಸುತ್ತ ತಂದರು. ಅದನ್ನು ಗೆರೆಯ ಹಿಂದೆ ರಸ್ತೆಯ ಮೇಲೆ ಮಲಗಿಸಿ ಎರಡು ಹೆಜ್ಜೆ ಹಿಂದೆ ಸರಿದರು.

ಹಳದಿ ದೀಪ ಹೊತ್ತಿತು. ಹತ್ತು ಸೆಕೆಂಡಿಗೆ ಹೆದ್ದಾರಿಗೆ ಕೆಂಪು ಬಿತ್ತು, ಈ ಕಡೆಗೆ ಹಸಿರು. ದೂರದಿಂದ ಬರುತ್ತಿದ್ದ ಟ್ರಕ್ಕೊಂದು ನಿಧಾನವಾಗಿ ಬಂದು ನಿಂತಿತು. ದಾಟುವವರು ಯಾರೂ ಇರಲಿಲ್ಲ.

“ಎರಡೂ ಗಾಲಿದು ತಂದಿದ್ಳು” ಎಂದರು ಜಾಫರಸಾಬರು. “ಒಂದ ನಾ ಕಡದ್ನಿ. ಒಂದ ಪೂರಾ ಇತ್ತ. ಅವತ್ತ ಅಕಿ ಮ್ಯಾಲ ಕುಂತ ಇಳೀಲೇನ ಅಂತ ಕೇಳುಮುಂದ ನಾ ಇದಕ್ಕ ಬೆನ್ನ ಹಚ್ಚಿ ಕುಂತ ಚಾ ಕುಡ್ಯಾಕತ್ತಿದ್ನಿ.”

ನೂರಜಾನಬಿ ಅವರ ತೋಳು ಹಿಡಿದರು. ಅವರು ಬಿಡಿಸಿಕೊಂಡು ನನ್ನ ಹತ್ತಿರ ಬಂದರು. ಸಿಟ್ಟಿರಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

“ಅಮಿತ ಸಾಹೇಬ್ರ, ಒಂದ ಮಾತ ಕೇಳತೇನಿ. ದೀಪಾ ಹಚ್ಚಿ ನೋಡಿದ ದಿನಾ ನೀವ ನೆಲದ ಮ್ಯಾಲ ಒಂದ ತಾಂಬ್ರದ ಬಳಿ ಇಟ್ಟಿದ್ರಿ. ನಾ ಚಾ ತರುಮುಂದ ದೂರಿಂದ ನೋಡಿದ್ನಿ. ನಾ ಬಂದ ಕೇಳಿದಾಗ ಅದು ನಿಮ್ಮ ಚೀಲದಾಗ ಇತ್ತೇನ್ರಿ?”

“ಇತ್ತು” ಎಂದೆ.